ಸುಸ್ತಿಗೂ ಒಂದು ಸ್ಟೇಟಸ್ಸು

ಅಮೆರಿಕದ ಟೆನೆಸಿ ರಾಜ್ಯದ ಫ್ರೋಜನ್ ಹೆಡ್ ಕಾಡಿಗೆ ವರ್ಷಕ್ಕೊಮ್ಮೆ ಸುಮಾರು 40 ಜನ ದಾರಿ ತಪ್ಪಲೆಂದೇ ಬರುತ್ತಾರೆ. ಇದಕ್ಕೆ ಬಾರ್ಕ್ಲಿ ಮ್ಯಾರಥಾನ್ ಎಂದು ಹೆಸರು. ಕಾಡಿನಲ್ಲಿ ಐದು ಸುತ್ತು, ಲೆಕ್ಕಕ್ಕೆ 160 ಕಿಲೋಮೀಟರ್, ಗಡುವು 60 ಗಂಟೆ. ಹತ್ತುವ ಏರುಗಳನ್ನೆಲ್ಲ ಕೂಡಿದರೆ ಸಮುದ್ರಮಟ್ಟದಿಂದ ಎವರೆಸ್ಟನ್ನು ಎರಡು ಸಲ ಹತ್ತಿದಷ್ಟಾಗುತ್ತದಂತೆ. 1986ರಲ್ಲಿ ಶುರುವಾದ ಈ ಓಟವನ್ನು 2024ರ ಹೊತ್ತಿಗೆ ಪೂರ್ತಿ ಮುಗಿಸಿದವರು 20 ಮಂದಿ. ಮೂರು ಸುತ್ತು ಹಾಕಿ ಕೈಚೆಲ್ಲಿದರೆ ಅದಕ್ಕೂ ಹೆಸರಿದೆ: ಫನ್ ರನ್. ತಮಾಷೆ ಯಾರಿಗೆ ಎಂಬುದನ್ನು ಮಾತ್ರ ಹೇಳಿಲ್ಲ.

ಅರ್ಜಿ ಎಲ್ಲಿ, ಯಾವಾಗ ಹಾಕಬೇಕೆಂದು ಪ್ರಕಟಿಸುವುದಿಲ್ಲ. ಯಾವ ಕಿಟಕಿ ಎಂದು ಬಾಯಿಬಿಡದ ಗುಮಾಸ್ತನಿಗೆ ನಾವಿಲ್ಲಿ ಹಿಡಿಶಾಪ ಹಾಕುತ್ತೇವೆ. ಅಲ್ಲಿ ಅದೇ ಗುಟ್ಟಿಗೆ ಭಕ್ತರಿದ್ದಾರೆ. ಶುಲ್ಕ ಒಂದು ಡಾಲರ್ 60 ಸೆಂಟು. ಜೊತೆಗೆ ‘ನನ್ನನ್ನೇಕೆ ಸೇರಿಸಿಕೊಳ್ಳಬೇಕು’ ಎಂಬ ಪ್ರಬಂಧ. ಹೊಸಬರು ತಮ್ಮೂರಿನ ಗಾಡಿಯ ನಂಬರ್ ಪ್ಲೇಟು ತರಬೇಕು. ಸೋತು ಮತ್ತೊಂದು ವರ್ಷ ಮರಳಿ ಬಂದವರು ಓಟ ಹುಟ್ಟುಹಾಕಿದ ಗ್ಯಾರಿ ಕ್ಯಾಂಟ್ರೆಲ್‌ಗೆ ಆ ವರ್ಷ ಬೇಕಾದ ಕಾಲುಚೀಲವನ್ನೋ ಅಂಗಿಯನ್ನೋ ಒಪ್ಪಿಸಬೇಕು. ಆಯ್ಕೆಯಾದವರಿಗೆ ಬರುವುದು ಸಂತಾಪಪತ್ರ. ಇಷ್ಟು ಪ್ರಾಮಾಣಿಕವಾದ ಸರ್ಕಾರಿ ಆದೇಶವನ್ನು ನಾನಂತೂ ಕಂಡಿಲ್ಲ.

ಅಪರಾತ್ರಿಯಲ್ಲೋ ಬೆಳಗಿನಲ್ಲೋ ಕ್ಯಾಂಟ್ರೆಲ್ ಶಂಖ ಊದುತ್ತಾನೆ. ಅದಾದ ಒಂದು ಗಂಟೆಗೆ ಸಿಗರೇಟು ಹಚ್ಚುತ್ತಾನೆ. ಅದೇ ಓಟದ ಆರಂಭ. ದಾರಿಗೆ ಗುರುತಿಲ್ಲ, ಜಿಪಿಎಸ್ ಕೂಡದು. ಕಾಡಿನಲ್ಲಿ ಅಲ್ಲಲ್ಲಿ ಪುಸ್ತಕ ಬಚ್ಚಿಟ್ಟಿರುತ್ತಾರೆ. ಎದೆಯ ಮೇಲಿನ ಸಂಖ್ಯೆಯ ಪುಟವನ್ನೇ ಹುಡುಕಿ ಹರಿದು ತರಬೇಕು. ಬಿಟ್ಟುಕೊಟ್ಟು ಬಂದವರಿಗೆ ಕಹಳೆಯಲ್ಲಿ, ಅಲ್ಲಿನ ಸೈನಿಕರ ಅಂತ್ಯಕ್ರಿಯೆಯಲ್ಲಿ ನುಡಿಸುವ ರಾಗವೇ ಸಲ್ಲುತ್ತದೆ.

ಬೆಂಗಳೂರಿನ ನನ್ನ ಮಿತ್ರರೊಬ್ಬರಿಗೆ ಈ ಓಟದ ಹುಚ್ಚು ಹತ್ತಿದೆ. ನಿದ್ದೆ ಚೆನ್ನಾಗಿ ಬಂತೋ ಇಲ್ಲವೋ ಎಂದು ಬೆಳಿಗ್ಗೆ ಕೈಗಡಿಯಾರವನ್ನು ಕೇಳಿ ತಿಳಿಯುವವರು. ಊರಿಂದ ಬಂದಿದ್ದ ಅವರ ತಾಯಿ ಎಲ್ಲ ಕೇಳಿಸಿಕೊಂಡು, “ಹರಕೆ ಏನಾದ್ರೂ ಹೊತ್ತಿದ್ದೀಯೇನೋ ಮಗಾ?” ಎಂದರು.

“ಇಲ್ಲಮ್ಮ, ನಮ್ಮ ಮಿತಿ ತಿಳ್ಕೊಳ್ಳೋಕೆ.”

“ಅದಕ್ಕೆ ಅಷ್ಟು ದೂರ ಯಾಕೋ? ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ?”

ಅಷ್ಟರಲ್ಲಿ ಲಿಫ್ಟು ಕೆಟ್ಟ ಆ ಕಟ್ಟಡದ ಮೂರನೇ ಮಹಡಿಗೆ 20 ಲೀಟರಿನ ನೀರಿನ ಕ್ಯಾನು ಹೆಗಲಿಗೇರಿಸಿಕೊಂಡು ಹುಡುಗನೊಬ್ಬ ಬಂದ. ಅವನ ಏದುಸಿರನ್ನು ಯಾರೂ ‘ಎಂಡ್ಯೂರೆನ್ಸ್’ ಎನ್ನಲಿಲ್ಲ. “ಯಾಕಪ್ಪಾ ಇಷ್ಟು ಲೇಟು?” ಎಂದರು ಮಿತ್ರರು. ದಣಿಯಲೇಬೇಕಾದವನು ದಣಿದರೆ ಅದು ಕೂಲಿ. ದಣಿಯುವ ಅಗತ್ಯವೇ ಇಲ್ಲದವನು ದಣಿದರೆ ಸಾಧನೆ.

ವ್ಯಂಗ್ಯಕ್ಕೆ ಸಿಗದವರೂ ಇದ್ದಾರೆನ್ನಿ. ಬ್ರಿಟನ್ನಿನ ಪಶುವೈದ್ಯೆ ಜಾಸ್ಮಿನ್ ಪ್ಯಾರಿಸ್ 2019ರಲ್ಲಿ 268 ಮೈಲಿಯ ಸ್ಪೈನ್ ರೇಸ್ ಓಡುವಾಗ ಮನೆಯಲ್ಲಿ ಹಾಲುಗೂಸಿತ್ತು. ತಂಗುದಾಣಗಳಲ್ಲಿ ಕೂತು ಎದೆಹಾಲು ತೆಗೆದಿಟ್ಟೇ ಮುಂದೆ ಓಡಿ, ಗಂಡಸರನ್ನೆಲ್ಲ ಹಿಂದೆ ಹಾಕಿ ಗೆದ್ದಾಕೆ. ಬಾರ್ಕ್ಲಿ ಹೆಂಗಸರ ಕೈಲಾಗದು ಎಂದು ಕ್ಯಾಂಟ್ರೆಲ್ ಬಹಿರಂಗವಾಗಿಯೇ ಹೇಳುತ್ತಿದ್ದ. 2024ರಲ್ಲಿ ಗಡುವಿಗೆ 99 ಸೆಕೆಂಡು ಉಳಿದಿರುವಾಗ ಆಕೆ ಬಂದು ಓಟ ಮುಗಿಯುವ ಗೇಟು ಮುಟ್ಟಿ ಕುಸಿದು ಕೂತಳು. ಭವಿಷ್ಯ ಹೇಳುವ ಗಂಡಸರ ಗಡುವೂ ಅಲ್ಲಿಗೆ ಮುಗಿಯಬೇಕಿತ್ತು, ಎಲ್ಲಿ ಮುಗಿಯುತ್ತದೆ!

ಇಷ್ಟಕ್ಕೂ ಈ ಓಟದ ಪ್ರೇರಣೆ ಒಬ್ಬ ಕೈದಿ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ಜೇಮ್ಸ್ ಅರ್ಲ್ ರೇ 1977ರಲ್ಲಿ ಪಕ್ಕದ ಬ್ರಷಿ ಮೌಂಟನ್ ಜೈಲಿನಿಂದ ತಪ್ಪಿಸಿಕೊಂಡ. ಎರಡು ದಿನಕ್ಕೂ ಹೆಚ್ಚು ಹೊತ್ತು ಕಾಡಿನಲ್ಲಿ ಏಗಿ ಸಿಕ್ಕಿಬಿದ್ದಾಗ ಕ್ರಮಿಸಿದ್ದ ದೂರ ಸುಮಾರು ಎಂಟೇ ಮೈಲಿ. ಅಷ್ಟು ಹೊತ್ತಿನಲ್ಲಿ ನಾನಾದರೆ ನೂರು ಮೈಲಿ ಹೋಗುತ್ತಿದ್ದೆ ಎಂದು ಕ್ಯಾಂಟ್ರೆಲ್ ಹಂಗಿಸಿದ್ದೇ ಬಾರ್ಕ್ಲಿಯ ಹುಟ್ಟು. ಜೈಲು 2009ರಲ್ಲಿ ಮುಚ್ಚಿತು. ಓಟಗಾರರು ಅದರ ಅಡಿಯ ಸುರಂಗದೊಳಗೇ ಹಾಯುತ್ತಾರೆ. ಮೇಲೆ ಪ್ರವಾಸಿಗರಿಗೆ ಸೆಲ್ಲುಗಳನ್ನು ತೋರಿಸುತ್ತಾರೆ. ಒಳಹೋಗುವ ಟಿಕೆಟ್ಟು ಓಟದ ಶುಲ್ಕಕ್ಕಿಂತ ದುಬಾರಿ. ರಾತ್ರಿ ಅಲ್ಲೇ ಉಳಿಯುವ ಸೌಲಭ್ಯವುಂಟೇ ಎಂದು ಮಿತ್ರರು ವಿಚಾರಿಸುತ್ತಿದ್ದಾರೆ.