ಪ್ರಚಂಡ ಕುಳ್ಳನ ಜಮಾ-ಖರ್ಚು

ರಾಮನಗರದ ರಾಮದೇವರ ಬೆಟ್ಟಕ್ಕೆ ಬರುವವರಲ್ಲಿ ಅರ್ಧ ಜನ ಮೊದಲು ವಿಚಾರಿಸುವುದು ರಾಮದೇವರನ್ನಲ್ಲ, ಇಲ್ಲಿ ಚಿತ್ರೀಕರಣವಾದ ‘ಶೋಲೆ’ಯ ಗಬ್ಬರ್ ಸಿಂಗನನ್ನು. ಅವನು ಯಾವ ಬಂಡೆಯ ಮೇಲೆ ನಿಂತು ಗುಡುಗಿದ, ಬಸಂತಿ ಎಲ್ಲಿ ಕುಣಿದಳು ಎಂದೆಲ್ಲ ಕೇಳಿದರೆ ಬೆಟ್ಟು ಮಾಡಿ ತೋರಿಸಲು ಒಂದೊಂದು ಕಲ್ಲಿದೆ. ಅದೇ ‘ಶೋಲೆ’ಯಲ್ಲಿ ಹಿಟ್ಲರನ ಮೀಸೆ ಅಂಟಿಸಿಕೊಂಡು ಬಂದ ಜೈಲರ್ ಅಸ್ರಾನಿಯನ್ನಾಗಲಿ, ಬಾಯಿ ಬಿಟ್ಟರೆ ಬಡಾಯಿಯೇ ಆಗಿದ್ದ ಸೂರ್ಮಾ ಭೋಪಾಲಿ ಜಗದೀಪರನ್ನಾಗಲಿ ಯಾರೂ ಕೇಳುವುದಿಲ್ಲ. ಹಾಸ್ಯಗಾರರ ಪಾಲಿಗೆ ಒಂದು ಬಂಡೆಯೂ ಬಂದಿಲ್ಲ.

ಅವರೇನೂ ಕೈಕಟ್ಟಿ ಕೂತವರಲ್ಲ. ಅಸ್ರಾನಿ 1977ರಲ್ಲಿ ‘ಚಲಾ ಮುರಾರಿ ಹೀರೋ ಬನನೇ’ ಎಂಬ ಚಿತ್ರವನ್ನು ತಾವೇ ನಿರ್ದೇಶಿಸಿ ತಾವೇ ನಾಯಕರಾದರು. ಜಗದೀಪ್ 1988ರಲ್ಲಿ ‘ಸೂರ್ಮಾ ಭೋಪಾಲಿ’ ಹೆಸರಿನಲ್ಲೇ ಒಂದು ಸಿನಿಮಾ ನಿರ್ದೇಶಿಸಿದರು. ಹತ್ತು ನಿಮಿಷ ನಗಿಸಿ ಹೋಗು ಅಂದರೆ ಮೂರು ಗಂಟೆಯ ಜವಾಬ್ದಾರಿಯನ್ನು ಹೆಗಲಿಗೆ ಹಾಕಿಕೊಳ್ಳುವ ಈ ಚಟ ಕನ್ನಡದಲ್ಲಿ ಇನ್ನೂ ಹಳೆಯದು. ಅದು ಬಲವಾಗಿ ಅಂಟಿದ್ದು ಹಾಸ್ಯನಟ ದ್ವಾರಕೀಶರಿಗೆ.

1942ರ ಆಗಸ್ಟ್ 19ರಂದು ಹುಣಸೂರಿನಲ್ಲಿ ಹುಟ್ಟಿದ ದ್ವಾರಕಾನಾಥ್ ಮೈಸೂರಿನ ಸಿಪಿಸಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಅಣ್ಣನ ಜೊತೆ ಭಾರತ್ ಆಟೋ ಸ್ಪೇರ್ಸ್ ಅಂಗಡಿ ಇಟ್ಟವರು. ನಟ್ಟು, ಬೋಲ್ಟು, ಬೇರಿಂಗು ಮಾರಿಕೊಂಡಿದ್ದರೆ ಸುಖವಾಗಿರುತ್ತಿದ್ದರು. ಆದರೆ ಸೋದರಮಾವ ಹುಣಸೂರು ಕೃಷ್ಣಮೂರ್ತಿ ಸಿನಿಮಾದವರು. ಮನೆಯಲ್ಲೇ ಬೆಂಕಿಯಿದ್ದರೆ ಹೊಗೆ ಮೂಗಿಗೆ ಹೊಡೆಯದೆ ಇರುತ್ತದೆಯೆ? ಅಂಗಡಿ ಬಿಟ್ಟು 1964ರಲ್ಲಿ ‘ವೀರ ಸಂಕಲ್ಪ’ದಲ್ಲಿ ಬಣ್ಣ ಹಚ್ಚಿದರು. ಅವರ ಹೆಸರನ್ನು ದ್ವಾರಕೀಶ್ ಎಂದು ಬದಲಿಸಿದವರು ನಿರ್ದೇಶಕ ಸಿ.ವಿ. ಶಿವಶಂಕರ್. (ಹೆಸರು ಬದಲಿಸಿಕೊಳ್ಳುವುದರಲ್ಲಿ ರಾಮನಗರವನ್ನು ಮೀರಿಸಿದವರಿಲ್ಲ: ಬ್ರಿಟಿಷರ ಕಾಲಕ್ಕೆ ಕ್ಲೋಸ್‌ಪೇಟೆ, ಆಮೇಲೆ ರಾಮನಗರ, ‘ಶೋಲೆ’ಗಾಗಿ ರಾಮಗಢ, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ.)

ಬಣ್ಣ ಹಚ್ಚಿ ಎರಡು ವರ್ಷ ಆಗಿತ್ತೋ ಇಲ್ಲವೋ, 1966ರಲ್ಲಿ ಇನ್ನಿಬ್ಬರ ಜೊತೆ ಸೇರಿ ‘ಮಮತೆಯ ಬಂಧನ’ಕ್ಕೆ ದುಡ್ಡು ಹಾಕಿದರು. 1969ರಲ್ಲಿ ಸ್ವಂತ ಬ್ಯಾನರಿನಲ್ಲಿ ‘ಮೇಯರ್ ಮುತ್ತಣ್ಣ’. ನಾಯಕ ರಾಜ್‌ಕುಮಾರ್, ನಿರ್ದೇಶಕ ಹೊಸಬ ಸಿದ್ದಲಿಂಗಯ್ಯ, ನಿರ್ಮಾಪಕನಿಗೆ ಇಪ್ಪತ್ತೇಳು ವರ್ಷ. ಚಿತ್ರ ಗೆದ್ದಿತು. ಗೆದ್ದದ್ದೇ ತಪ್ಪಾಯಿತೇನೋ, ಆಮೇಲೆ ಅವರ ಕೈ ಜೇಬಿನೊಳಗೆ ನಿಲ್ಲಲಿಲ್ಲ. 1972ರ ‘ಕುಳ್ಳ ಏಜೆಂಟ್ 000’ದಲ್ಲಿ ತಾವೇ ಹೀರೋ, ಹಾಡಲು ಮುಂಬಯಿಯ ಕಿಶೋರ್ ಕುಮಾರ್! 1978ರಲ್ಲಿ ‘ಸಿಂಗಪೂರ್‌ನಲ್ಲಿ ರಾಜಾ ಕುಳ್ಳ’ ಎಂದು ಇಡೀ ತಂಡವನ್ನೇ ವಿಮಾನ ಹತ್ತಿಸಿದರು. ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ ಎಂಬ ಹೆಸರು ಅದಕ್ಕಿದೆ. 1984ರಲ್ಲಿ ‘ಪ್ರಚಂಡ ಕುಳ್ಳ’. ಬೇರೆಯವರು ಎತ್ತಿ ಆಡುವ ಮೊದಲೇ ತಮ್ಮ ಕುಳ್ಳತನವನ್ನು ಪೋಸ್ಟರಿಗೆ ಏರಿಸಿ ಟಿಕೆಟ್ ಮಾರಿದ ಜಾಣತನ ಇದು.

ಆ ಜಾಣತನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಸಿನಿಮಾಗಳು ಸಾಲಾಗಿ ಮಲಗಿದವು, ಸಾಲ ಎದ್ದು ನಿಂತಿತು. ಮನೆ ಮಾರಿದ್ದನ್ನು ಅವರು ಸಂದರ್ಶನಗಳಲ್ಲಿ ಮುಚ್ಚಿಡದೆ, ಯಾರದೋ ಮನೆಯ ಕಥೆ ಎಂಬಂತೆ ಹೇಳಿಕೊಳ್ಳುತ್ತಿದ್ದರು. ಕೇಳುವವರು ಅಯ್ಯೋ ಅನ್ನಬೇಕೋ, ನಗಬೇಕೋ ತಿಳಿಯದೆ ಒದ್ದಾಡಬೇಕು.

ಕನಕಪುರ, ಮಾಗಡಿ ಕಡೆಯ ಹಳ್ಳಿಯವರಿಗೆ ಮಾತ್ರ ಇದೇನೂ ವಿಶೇಷ ಅನ್ನಿಸಲಿಕ್ಕಿಲ್ಲ. ಅಲ್ಲಿ ‘ಕುರುಕ್ಷೇತ್ರ’ ನಾಟಕ ಆಡಬೇಕೆಂದರೆ ಪಾತ್ರಕ್ಕೆ ದುಡ್ಡು ಕೊಡಬೇಕಾದವನು ಪಾತ್ರಧಾರಿಯೇ. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚಿನ ರೇಟು. ಸೇವಕನಾಗಿ ನಿಲ್ಲುವವನಿಗೆ ರಿಯಾಯಿತಿ. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಮೈಕಿನವನು ಎಲ್ಲರ ಬಾಬ್ತೂ ಅದರಲ್ಲೇ ಆಗಬೇಕು. ತಿಂಗಳುಗಟ್ಟಲೆ ಗಂಟಲು ಹರಿದುಕೊಂಡು ಕಲಿತವನು ಒಂದು ರಾತ್ರಿ ಗದೆ ಹೊತ್ತು, ಕಂದಪದ್ಯ ಎಳೆದು, ‘ಒನ್ಸ್ ಮೋರ್’ ಕೂಗು ಕೇಳಿ, ಬೆಳಗ್ಗೆ ಹಾಲಿನ ಡೇರಿಗೆ ಕ್ಯಾನು ಹೊರುತ್ತಾನೆ. ಹಾಕಿದ ದುಡ್ಡು ಬಂತಾ ಎಂದು ಅವನನ್ನು ಕೇಳುವ ಮೂರ್ಖರು ಆ ಊರುಗಳಲ್ಲಿಲ್ಲ. ದ್ವಾರಕೀಶ್ ಮಾಡಿದ್ದೂ ಅದೇ ಕೆಲಸ, ರೇಟು ಮಾತ್ರ ಗಾಂಧಿನಗರದ್ದು.

ಅವರಿಗಿಂತ ಹಿರಿಯರೂ ಹೀಗೇ. ಕೈಯಲ್ಲಿ ಸಿನಿಮಾ ಇಲ್ಲದ ಕಾಲಕ್ಕೆ ಕಲಾವಿದರೇ ಸಂಘ ಕಟ್ಟಿ, ಊರೂರಲ್ಲಿ ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಆ ಸಂಘದ ನಾಲ್ಕು ಕಂಬಗಳು ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ. ನಾಲ್ವರಲ್ಲಿ ಇಬ್ಬರು ಹಾಸ್ಯಗಾರರು ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಶೀಟ್ ಪಡೆದು ಆಮೇಲೆ ಹೀರೋ ಮನೆಗೆ ಹೋಗುತ್ತಿದ್ದರು ಎಂದು ಹಳಬರು ಇಂದಿಗೂ ಹೇಳುತ್ತಾರೆ. ನರಸಿಂಹರಾಜು 1979ರಲ್ಲಿ, ಐವತ್ತಾರು ತುಂಬುವ ಮೊದಲೇ ಹೋಗಿಬಿಟ್ಟರು.

ಎಲ್ಲರ ಬಾಲಣ್ಣ, ಬಾಲಕೃಷ್ಣ ಅವರದು ಇನ್ನೂ ದೊಡ್ಡ ಸಾಹಸ. ಕಿವಿ ಮಂದ, ಎದುರಿನವರ ತುಟಿ ನೋಡಿಯೇ ಮಾತು ಹಿಡಿದು, ಅವರು ಬಾಯಿ ಮುಚ್ಚುವ ಹೊತ್ತಿಗೆ ತಮ್ಮ ಮಾತನ್ನು ತೆಗೆಯುತ್ತಿದ್ದರು. ‘ರಾಧಾರಮಣ’ (1943) ಮೊದಲುಗೊಂಡು ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರ ಟೈಮಿಂಗ್ ತಪ್ಪಿತೆಂದು ಯಾರಿಗೂ ಅನ್ನಿಸಲಿಲ್ಲ. ಹೀಗೆ ಗಳಿಸಿದ್ದನ್ನೆಲ್ಲ ಕೆಂಗೇರಿ ಬಳಿ, ಸರ್ಕಾರ ಕೊಟ್ಟ ಜಮೀನಿನಲ್ಲಿ ಅಭಿಮಾನ್ ಸ್ಟುಡಿಯೊಗೆ ಸುರಿದರು. ರಾಮನಗರ, ಚನ್ನಪಟ್ಟಣಕ್ಕೆ ಹೋಗುವ ಬಸ್ಸು ಅದರ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಈಚೆಗೆ ಆ ಹೆಸರು ಕೇಳಿಬರುವುದು ಶೂಟಿಂಗಿಗಲ್ಲ, ಜಮೀನು ತಕರಾರಿಗೆ.

ಈ ಮೂವರಲ್ಲಿ ಮುಳುಗಿ ಮತ್ತೆ ತೇಲಿದವರು ದ್ವಾರಕೀಶ್ ಒಬ್ಬರೇ. 2004ರಲ್ಲಿ, ವರ್ಷಗಳ ಕಾಲ ಮುನಿಸಿಕೊಂಡಿದ್ದ ವಿಷ್ಣುವರ್ಧನ್ ಜೊತೆ ರಾಜಿಯಾಗಿ, ಪಿ. ವಾಸು ನಿರ್ದೇಶನದಲ್ಲಿ ‘ಆಪ್ತಮಿತ್ರ’ ತೆಗೆದರು. ಮಲಯಾಳದಿಂದ ಬಂದ ದೆವ್ವದ ಕಥೆ, ಬಿಡುಗಡೆಗೆ ಮೊದಲೇ ತೀರಿಕೊಂಡಿದ್ದ ನಾಯಕಿ ಸೌಂದರ್ಯ. ಜನ ಮುಗಿಬಿದ್ದು ನೋಡಿದರು. ಸಾಲ ಕೊಟ್ಟವರು ನಕ್ಕರು, ಅವರು ನಕ್ಕಾಗಲಷ್ಟೇ ಹಾಸ್ಯನಟನಿಗೆ ನಿಜವಾದ ಚಪ್ಪಾಳೆ ಸಿಕ್ಕಂತೆ.

ಅರವತ್ತೆರಡರ ಮನುಷ್ಯ, ಗೆಲುವು ಕೈಗೆ ಬಂದ ಮೇಲೆ ಸಾಕು ಅನ್ನಬಹುದಿತ್ತು. ಅನ್ನಲಿಲ್ಲ. ದ್ವಾರಕೀಶ್ ಚಿತ್ರ ಬ್ಯಾನರಿನಲ್ಲಿ 2017ರಲ್ಲಿ ‘ಚೌಕ’, 2019ರಲ್ಲಿ ‘ಆಯುಷ್ಮಾನ್‌ಭವ’ ಬಂದವು. 2024ರ ಏಪ್ರಿಲ್ 16ರಂದು ಅವರು ತೀರಿಕೊಂಡಾಗ ಆ ಬ್ಯಾನರಿನ ಲೆಕ್ಕದಲ್ಲಿ ಐವತ್ತಕ್ಕೂ ಹೆಚ್ಚು ಚಿತ್ರಗಳಿದ್ದವು.