ಬೀರುವಿಗೆ ಬಂದ ಓಟಿಪಿ

ಮಾನ್ಯ ಪ್ರಾಂಶುಪಾಲರೇ,

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದು, ನಿಮ್ಮ ಆಫೀಸಿನ ಬೆಂಚಿನ ಮೇಲೆ ಬೆಳಗ್ಗಿನಿಂದ ಊಟದ ಹೊತ್ತಿನ ತನಕ ಕೂತು, ಬರಿಗೈಲಿ ವಾಪಸಾದ ಪೋಷಕ ನಾನು. ಕ್ಲಾಸಿನ ಮಧ್ಯೆ ನನ್ನ ಮಗಳ ಫೋನ್ ಕಿರುಚಿತು, ಲೆಕ್ಚರರು ಕಿತ್ತುಕೊಂಡರು, ತಾವು ಬೀರುವಿಗೆ ಹಾಕಿ ಬೀಗ ಜಡಿದಿರಿ. ಸರಿಯಾಗೇ ಮಾಡಿದಿರಿ. ಶಾಲೆಯಲ್ಲಿ ಮೊಬೈಲ್ ಬೇಡ ಅನ್ನೋಕೆ ಫ್ರಾನ್ಸಿನವರಿಗೆ 2018ರಲ್ಲಿ ಪಾರ್ಲಿಮೆಂಟೇ ಬೇಕಾಯಿತು. ತಮಗೆ ಒಂದು ಬೀರು ಸಾಕಾಯಿತು.

"ಕೀ ಸಾರ್ ಹತ್ರ ಇದೆ" ಅಂದರು ಗುಮಾಸ್ತರು, ತಲೆ ಎತ್ತದೆ. ತಲೆಯ ಮೇಲೆ 'ಮೊಬೈಲ್ ಬಳಕೆ ನಿಷೇಧಿಸಿದೆ' ಎಂಬ ಬೋರ್ಡು, ಕೈಯಲ್ಲಿ ರೀಲ್ಸು. ಸಾರ್ ಎಲ್ಲಿ? ಮೀಟಿಂಗು. ಫೋನ್ ಮಾಡಿ ನೋಡಿ ಅಂದೆ. ಮಾಡಿದರು. ಸ್ವಿಚಾಫ್. ಇಡೀ ಕಾಲೇಜಿನಲ್ಲಿ ಆ ಬೋರ್ಡಿಗೆ ಮರ್ಯಾದೆ ಕೊಡುವವರು ತಾವೊಬ್ಬರೇ ಸಾರ್.

ಅಷ್ಟರಲ್ಲಿ ಮಗಳು ಎದುರಿನ ಸೈಬರಿನಲ್ಲಿ ಎಸ್‌ಎಸ್‌ಪಿ ಪೋರ್ಟಲ್ಲು ತೆಗೆಸಿ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದಳು. ನಾಳೆಯೇ ಕೊನೇ ದಿನ. ಓಟಿಪಿ ಕಳಿಸಿದ್ದೇವೆ ಅಂತ ಅಲ್ಲಿ ಬಂತು. ಇಲ್ಲಿ ಬೀರುವಿನೊಳಗೆ 'ಟಿಣ್' ಅಂತು. ನಾನೂ ಕೇಳಿಸಿಕೊಂಡೆ, ಗುಮಾಸ್ತರೂ ಕೇಳಿಸಿಕೊಂಡರು. ಸೈಬರ್ ಹುಡುಗ ನನ್ನ ಡಬ್ಬಾ ಫೋನಿಗೆ ಕರೆ ಮಾಡಿ, "ಬಂತಾ ಅಂಕಲ್?" ಅಂದ. ಬಂತಪ್ಪಾ, ಬೀರುವಿಗೆ ಬಂತು ಅಂದೆ. ಮತ್ತೆ ಕಳಿಸಿದ. ಟಿಣ್. 1923ರಿಂದ ಕಬ್ಬಿಣ ಕರಗಿಸಿದ ಊರಿನವನು ನಾನು, ಆ ಬೀರು ನನಗೆ ಯಾವ ಲೆಕ್ಕ? ಆದರೂ ಕೈ ಕಟ್ಟಿ ಕೂತೆ. ಕೀ ಸಾರ್ ಹತ್ರ ಇದೆಯಲ್ಲ.

ಒಂದು ಕೇಳ್ತೀನಿ. 2020ರಲ್ಲಿ ಕೊರೊನಾ ಬಂದಾಗ, ಫೋನ್ ಇಲ್ಲದಿದ್ರೆ ಪಾಠ ಇಲ್ಲ ಅಂತ ನಮ್ಮಿಂದ ಸಾಲ ಮಾಡಿಸಿದವರು ಯಾರು? ಸಾಗರ, ಹೊಸನಗರದ ಕಡೆ ಮಕ್ಕಳು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದಾಗ ಈ ಶಿಸ್ತು ಎಲ್ಲಿತ್ತು? ಈಗ ಪರೀಕ್ಷೆ ಅರ್ಜಿ ಯುಯುಸಿಎಂಎಸ್ ಪೋರ್ಟಲ್ಲಿನಲ್ಲಿ, ನೋಟ್ಸು ವಾಟ್ಸಾಪಿನಲ್ಲಿ, ಅದೂ ರಾತ್ರಿ ಹತ್ತರ ಮೇಲೆ. ಕ್ಲಾಸಿನಲ್ಲಿ ಫೋನ್ ಪಾಪ, ಕ್ಲಾಸಿನ ಬಾಗಿಲು ದಾಟಿದರೆ ಫೋನಿಲ್ಲದವಳೇ ಪಾಪಿ! 'ಫೋನ್ ಜಪ್ತಿಯಾಗಿದೆ, ಪೋಷಕರು ಬಂದು ಕಾಣಿ' ಅಂತ ತಾವು ಮೆಸೇಜು ಹಾಕಿದ್ದಾದರೂ ಯಾವ ನಂಬರಿಗೆ? ಜಪ್ತಿಯಾದ ನಂಬರಿಗೇ. ಅದೂ ಒಳಗೆ 'ಟಿಣ್' ಅಂದಿರಬೇಕು.

ಸ್ಕಾಲರ್‌ಶಿಪ್ ತಪ್ಪಿದರೆ ಮುಂದಿನ ವರ್ಷದ ಫೀಸು ಯಾರು ಕಟ್ಟುತ್ತಾರೆ, ಬೀರುವೋ? ಇದರಲ್ಲಿ ನಗುವಂಥದ್ದು ಏನೂ ಇಲ್ಲ ಸಾರ್, ನನಗೆ ಸಿಟ್ಟೇ ಬಂದಿದೆ.

ಫೋನನ್ನು ಸೆಮಿಸ್ಟರ್ ಮುಗಿಯುವ ತನಕ ತಾವೇ ಇಟ್ಟುಕೊಳ್ಳಿ, ಆಯುಧಪೂಜೆಗೆ ಕುಂಕುಮ ಹಚ್ಚಿ, ನನ್ನ ತಕರಾರಿಲ್ಲ. ಸಿಮ್ ಮಾತ್ರ ಬಿಚ್ಚಿ ಕೊಡಿ, ಪಿನ್ ನಾನೇ ತರುತ್ತೇನೆ. ಬೆಳಗ್ಗೆ ಮೊದಲನೇ ಬಸ್ಸಿಗೇ ಬರುತ್ತೇನೆ. ಮತ್ತೆ ಮೀಟಿಂಗ್ ಇದ್ದರೆ ಕೀಯನ್ನು ಗುಮಾಸ್ತರಿಗೆ ಕೊಟ್ಟು ಹೋಗಿ. ರೀಲ್ಸ್ ನಿಲ್ಲಿಸಬೇಕಾಗಿಲ್ಲ ಅಂತ ಅವರಿಗೆ ಹೇಳಿ, ಬೀಗ ತೆಗೆಯೋಕೆ ಒಂದು ಕೈ ಸಾಕು.

ಇತಿ,
ಬೀರುವಿನ ಹೊರಗೆ ಕೂತ ಪೋಷಕ,
ಭದ್ರಾವತಿ