ಮೂರು ದಿನದ ಡೈರಿ

(ದಾವಣಗೆರೆ. ಶುಗರ್ ಡಾಕ್ಟರು ಹೇಳಿದರೆಂದು ರುದ್ರಣ್ಣ ಡಯಟೀಶಿಯನ್ ಹತ್ತಿರ ಮೊದಲ ಸಲ ಹೋಗಿ ಬಂದಿದ್ದಾರೆ.)

ಗಿರಿಜಮ್ಮ: ಏನ್ ಬಿಡ್ಬೇಕಂತ್ರೀ? ಅನ್ನಾನೋ, ದೋಸೇನೋ?

ರುದ್ರಣ್ಣ: ಏನೂ ಬಿಡ್ಸಿಲ್ಲ ಕಣೇ. ಮುಕ್ಕಾಲು ಗಂಟೆ ಬರೀ ಪ್ರಶ್ನೆ. ಎಷ್ಟೊತ್ತಿಗೆ ಏಳ್ತೀರಿ, ಯಾವ ಮಾತ್ರೆ ನುಂಗ್ತೀರಿ, ನಿನ್ನೆ ಏನೇನ್ ತಿಂದ್ರಿ...

ಗಿರಿಜಮ್ಮ: ಏನ್ ಹೇಳಿದ್ರಿ?

ರುದ್ರಣ್ಣ: ಒಂದು ಬೆಣ್ಣೆ ದೋಸೆ ಅಂದೆ.

ಗಿರಿಜಮ್ಮ: ಮೂರು ತಿಂದಿದ್ರಲ್ರೀ!

ರುದ್ರಣ್ಣ: ಕೂತಿದ್ದು ಒಂದೇ ಸಲ ಅಲ್ವಾ?

ಗಿರಿಜಮ್ಮ: ಸಂಜೆ ಮಂಡಕ್ಕಿ ಮಿರ್ಚಿ?

ರುದ್ರಣ್ಣ: ಅದನ್ನ ಯಾರಾದ್ರೂ ಊಟದ ಲೆಕ್ಕಕ್ಕೆ ಹಿಡೀತಾರಾ? ಆಮೇಲೆ ಹೊಟ್ಟೆಗೆ ಟೇಪು ಸುತ್ತಿದ್ರು. ಗಂಡಸರಿಗೆ 90 ಸೆಂಟಿಮೀಟರ್ ಒಳಗಿರ್ಬೇಕಂತೆ. ನಂದು 104.

ಗಿರಿಜಮ್ಮ: ಉಸಿರು ಎಳ್ಕೊಳ್ಳೋದಲ್ವಾ?

ರುದ್ರಣ್ಣ: ಎಳ್ಕೊಂಡಾಗಲೇ 104! ಉಸಿರು ಬಿಡಿ ಅಂದ್ರು. ಬಿಟ್ಟ ಮೇಲಿಂದು ಕೇಳ್ಬೇಡ.

ಗಿರಿಜಮ್ಮ: ಎಷ್ಟು ದಿನಕ್ಕೆ ಕರಗುತ್ತಂತೆ? ಯಾರೋ ಪುಡಿ ಕೊಟ್ಟು ತಿಂಗಳಿಗೆ 10 ಕಿಲೋ ಇಳಿಸ್ತಾರಂತಲ್ಲ.

ರುದ್ರಣ್ಣ: ಅಂಥೋರ ಹತ್ರ ಹುಷಾರು ಅಂದ್ರು. ವಾರಕ್ಕೆ ಅರ್ಧ ಕಿಲೋ ಸಾಕಂತೆ. ಎಚ್‌ಬಿಎ1ಸಿ ಅಂತ ಒಂದು ಟೆಸ್ಟ್ ಬರೆದ್ರು. ಹಿಂದಿನ ಎರಡು ಮೂರು ತಿಂಗಳ ಶುಗರ್ ಜಾತಕ ಅದರಲ್ಲಿ ಬರುತ್ತಂತೆ. ಮುಂಚಿನ ದಿನ ಉಪವಾಸ ಮಾಡಿ ಯಾಮಾರಿಸೋಕೆ ಆಗಲ್ಲ.

ಗಿರಿಜಮ್ಮ: ಚಾರ್ಟ್ ಕೊಡ್ಲಿಲ್ವಾ?

ರುದ್ರಣ್ಣ: ಮೊದಲು ಮೂರು ದಿನ ತಿಂದಿದ್ದೆಲ್ಲ ಬರೆದು ತರ್ಬೇಕು. ಅದನ್ನ ನೋಡಿ ನಮ್ಮ ರೊಟ್ಟಿ, ಪಲ್ಯ, ಸಾರಲ್ಲೇ ಹೆಚ್ಚುಕಮ್ಮಿ ಮಾಡ್ತಾರಂತೆ. ಆಮೇಲೆ ಎರಡು ವಾರಕ್ಕೊಮ್ಮೆ ಹೋಗ್ಬೇಕು. ನಿನ್ನನ್ನೂ ಕರ್ಕೊಂಡು ಬನ್ನಿ ಅಂದ್ರು.

ಗಿರಿಜಮ್ಮ: ಶುಗರ್ ನಿಮಗೆ, ನಾನ್ಯಾಕೆ?

ರುದ್ರಣ್ಣ: ತಿಂಗಳಿಗೆ ಎಣ್ಣೆ ಎಷ್ಟು ಅಂದ್ರು. ಇಬ್ಬರಿಗೆ 4 ಲೀಟರ್ ಅಂದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟಿರೋ ಲೆಕ್ಕ ಒಬ್ಬರಿಗೆ ದಿನಕ್ಕೆ 27 ಗ್ರಾಂ. ಅಂದ್ರೆ ನಮ್ಮಿಬ್ಬರಿಗೆ ತಿಂಗಳಿಗೆ 2 ಲೀಟರ್ ಒಳಗೇ.

ಗಿರಿಜಮ್ಮ: ನಿಮ್ಮ ದೋಸೆ ಆದ್ರೆ ಮೂರು ಹೋಗಿ ಒಂದಾಗುತ್ತೆ, ನನ್ನ ಎಣ್ಣೆ ಮಾತ್ರ ಪೂರ್ತಿ ನಾಲ್ಕು! ಡೈರಿ ನಾನೇ ಬರೀತೀನಿ, ಕೊಡಿ.

ರುದ್ರಣ್ಣ: ಬರಿ. ಆ ಮೂರು ದಿನ ಮಾತ್ರ ಪಲ್ಯ ಜಾಸ್ತಿ ಬಡಿಸು. ಮೂರೇ ದಿನ ತಾನೇ!

ಗಿರಿಜಮ್ಮ: ಮೂರು ತಿಂಗಳ ಜಾತಕಕ್ಕೆ ಏನ್ ಮಾಡ್ತೀರಿ?

ರುದ್ರಣ್ಣ: (ತಲೆ ಕೆರೆದು) ಇವತ್ತು ಏನ್ ಪಲ್ಯ ಮಾಡಿದ್ದೀಯಾ?